ತುಟಿಯ ಮೇಲಿನ ಗರಿ

"ಬಾಗಿಲು ಹಾಕಿ. ಗಾಳಿಗೆ ಗರಿ ಅಲುಗಿದ್ದಕ್ಕೆಲ್ಲ ಪವಾಡ ಅಂತ ಬಾಯಿ ಬಡ್ಕೊಳ್ಳೋದು ನನ್ನ ಮುಂದೆ ನಡೆಯಲ್ಲ," ಎಂದರು ಇಂಥ ಪವಾಡಗಳ ಪರೀಕ್ಷೆಗೆಂದು ಬಿಷಪ್ಪರು ಕಳಿಸಿದ್ದ ಪಾದ್ರಿ. ಇಗರ್ಜಿಯ ಬಾಗಿಲು ಮುಚ್ಚಿತು. ಮರಿಯಮ್ಮನ ಪೀಠದ ಮುಂದೆ ಮಂಡಿಯೂರಿದ್ದ ಒಡೆಟ್‌ಳ ಕೈಯಲ್ಲಿ, ಹುಟ್ಟುವಾಗಲೇ ಉಸಿರಿಲ್ಲದಿದ್ದ ಅವಳ ಮಗ. ಅವನ ತುಟಿಯ ಮೇಲೆ ಪಾರಿವಾಳದ ಬಿಳಿ ಗರಿ.

ಗರಿ ಒಂದು ಸಲ ಅಲುಗಿದರೆ ಸಾಕು, ಉಸಿರು ಬಂತೆಂದು ಜ್ಞಾನಸ್ನಾನ ಮಾಡಿಸುತ್ತಾರೆ; ಮಗು ಇಗರ್ಜಿಯ ಮಣ್ಣಿನಲ್ಲಿ ತಾತನ ಪಕ್ಕ ಮಲಗುತ್ತದೆ. ಇಲ್ಲದಿದ್ದರೆ ಗೋಡೆಯಾಚೆ, ಸತ್ತ ನಾಯಿಗಳನ್ನು ಹೂಳುವ ಕಡೆ. ಜ್ಞಾನಸ್ನಾನವಿಲ್ಲದ ಮಗುವಿಗೆ ಸ್ವರ್ಗವೂ ಇಲ್ಲ.

"ಒಂದೇ ಒಂದ್ಸಲ ಕಣೋ ಕಂದಾ. ಆಮೇಲೆ ನಿನ್ನ ಏನೂ ಕೇಳಲ್ಲ," ಎಂದು ಒಡೆಟ್ ಬಿಕ್ಕಿದಳು. ಗರಿ ಕಲ್ಲಿನ ಹಾಗೆ ಬಿದ್ದಿತ್ತು.

"ಇನ್ನೊಂದು ಗಳಿಗೆ ತಡೀರಿ ಸ್ವಾಮಿ, ಹೆತ್ತ ಕರುಳು," ಎಂದಳು ಸೂಲಗಿತ್ತಿ ಪೆರಿನ್.

"ಬೆಳಗಿಂದ ತಡೆದದ್ದಾಯ್ತು," ಎನ್ನುತ್ತ ಪಾದ್ರಿ ಗರಿ ತೆಗೆಯಲು ಬಗ್ಗಿದರು. ಒಡೆಟ್‌ಳ ಮುಖ ಕಂಡಿತು. ಚಾಚಿದ ಕೈ ಅಲ್ಲೇ ನಿಂತಿತು. ಮಗುವಿನ ಗಲ್ಲ ಹಿಡಿದಿದ್ದ ಅವಳ ಬೆರಳಿಗೆ ಬೆಚ್ಚನೆಯ ಉಸಿರೊಂದು ತಾಗಿತು. ಅದು ಮಗುವಿನದಾಗಿರಲಿಲ್ಲ. ಗರಿ ಹಾರಿ ನೆಲಕ್ಕೆ ಬಿತ್ತು.

"ಉಸಿರಾಡ್ತು! ನಮ್ಮವ್ವಾ, ಉಸಿರಾಡ್ತು!" ಪೆರಿನ್ ಕಿರುಚಿದಳು.

"ನೀರು ತನ್ನಿ, ಬೇಗ," ಎಂದರು ಪಾದ್ರಿ. "ಏನಂತ ಹೆಸರಿಡ್ಲಮ್ಮ?"

ಒಡೆಟ್ ಅವರ ತುಟಿಯನ್ನೇ ನೋಡುತ್ತ ಕೇಳಿದಳು: "ನಿಮ್ಮ ಹೆಸರೇನು ಸ್ವಾಮಿ?"