ಕಣ್ಣು ಕುಕ್ಕದ ದೀಪ

"ಮೊದಲೇ ಹೇಳಿಬಿಟ್ರೆ ಅದೆಂಥಾ ಪರೀಕ್ಷೆ ಬಿಡ್ರಿ" ಎಂದು ಪಿಸುಗುಟ್ಟಿದರು ಬಕ್ಕೇಶಪ್ಪ. "ಕುರ್ಚಿ ಮ್ಯಾಲಿನ ಅಜ್ಜಿಗೆ ಸುಳಿವು ಕೊಡಬ್ಯಾಡ್ರಿ. ದೀಪ ಒಮ್ಮೆಲೇ ಪೂರ್ತಿ ಹಚ್ರಿ. ಮುಖ ನೋಡಿ ನಾನು ಹೇಳ್ತೀನಿ."

ಕೊಟ್ಟೂರೇಶ ದೀಪದ ಗುಂಡಿಯ ಕಡೆ ಸರಿದ.

ದಾವಣಗೆರೆಯಲ್ಲಿ ರಂಗದ ದೀಪ, ಧ್ವನಿ ಸಾಮಾನುಗಳ ಮೇಳ. ಅವತ್ತು ಕೊನೆಯ ದಿನ. ಪಕ್ಕದ ಮಳಿಗೆಯ ಸ್ಪೀಕರುಗಳು ಎದೆಗೂಡು ಅದುರುವಂತೆ ಬಡಿಯುತ್ತಿದ್ದವು. ಕೊಟ್ಟೂರೇಶನ ಮಳಿಗೆಯಲ್ಲಿ ಇದ್ದದ್ದು ಆರೇ ದೀಪ. ಆರೂ ಹರಿಹರದ ತನ್ನ ವರ್ಕ್‌ಶಾಪಿನಲ್ಲಿ ಕೈಯಾರೆ ಮಾಡಿದವು. ಬಕ್ಕೇಶಪ್ಪ ಮಕ್ಕಳ ನೃತ್ಯಕ್ಕೆಂದು ಹೊಸ ರಂಗಮಂದಿರ ಕಟ್ಟಿಸಿದವರು. ಅವರಿಗೆ ದೀಪ ಬೇಕಿತ್ತು. ಷರತ್ತು ಒಂದೇ: ಎದುರು ನಿಂತ ಮಗುವಿನ ಕಣ್ಣು ಕುಕ್ಕಬಾರದು.

ಆ ಷರತ್ತು ಅವರಿಗಿಂತ ಕೊಟ್ಟೂರೇಶನಿಗೇ ದೊಡ್ಡದಾಗಿತ್ತು. ಹೋದ ವರ್ಷ ಹರಿಹರದಲ್ಲಿ ಅವನದೇ ದೀಪದ ಎದುರು ಅವನ ಮಗಳು ಅಂಕಿತಾ ಕುಣಿದಿದ್ದಳು. ಬೆಳಕು ಕಣ್ಣಿಗೆ ರಾಚಿ, ವೇದಿಕೆಯ ಅಂಚು ಕಾಣದೆ, ಕೆಳಗೆ ಬಿದ್ದಳು. ಕಾಲು ಮುರಿಯಿತು. ಹುಡುಗಿ ತಾಳ ತಪ್ಪಿದಳು ಎಂದರು ಜನ. ತಪ್ಪು ತಾಳದ್ದಲ್ಲ ಎಂದು ಗೊತ್ತಿದ್ದವರು ಇಬ್ಬರೇ, ಅಪ್ಪ ಮತ್ತು ಮಗಳು. ಮೂಳೆ ಕೂಡಿಕೊಂಡಿತು. ಅಟ್ಟ ಹತ್ತಿದ ಗೆಜ್ಜೆ ಮಾತ್ರ ಕೆಳಗಿಳಿಯಲಿಲ್ಲ.

"ಕಣ್ಣು ಕುಕ್ಕದ ದೀಪ ಮಾಡು ಅಪ್ಪಾಜಿ, ಆಮ್ಯಾಲೆ ಕುಣಿಯೋ ಮಾತು" ಎಂದಿದ್ದಳು.

ದೀಪದ ಮುಂದಿನ ಗಾಜನ್ನು ಮೂರು ಸಲ ಬದಲಿಸಿದ. ತಾನೇ ಎದುರು ನಿಂತು ನೋಡಿದರೆ ಕಣ್ಣೊಳಗೆ ಇನ್ನೂ ಹಸಿರು ಚುಕ್ಕೆ ಕುಣಿಯುತ್ತಿದ್ದವು. ಆದರೆ ಅವು ಇಪ್ಪತ್ತೈದು ವರ್ಷ ವೆಲ್ಡಿಂಗ್ ಕಿಡಿ ಉಂಡ ಕಣ್ಣುಗಳು. ಅವುಗಳ ಸಾಕ್ಷಿ ನಡೆಯುವುದಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ.

ಬೇರೆಯವರ ಕಣ್ಣು ಬೇಕಾಗಿತ್ತು. ಅದಕ್ಕೇ ದುರುಗಮ್ಮನನ್ನು ಕರೆಸಿದ್ದ. ನಲವತ್ತು ವರ್ಷ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿದವಳು, ಬೆಳಕಿನೆದುರೇ ಬದುಕು ಸವೆಸಿದವಳು. ಬೆಳಗ್ಗೆ ಮೊಮ್ಮಗಳು ಸುಷ್ಮಾ ಕೈಹಿಡಿದು ಕರೆತಂದು ಕುರ್ಚಿಯಲ್ಲಿ ಕೂಡಿಸಿದಳು. ಬಟ್ಟೆ ಅಂಗಡಿಯ ಕೆಲಸಕ್ಕೆ ಹೊತ್ತಾಗಿತ್ತು.

"ನಮ್ಮಜ್ಜೀನ ಕೂತಲ್ಲಿಂದ ಎಬ್ಬಿಸಬ್ಯಾಡ್ರಿ ಅಣ್ಣಾರೆ. ಸಂಜಿಗೆ ನಾನೇ ಬರ್ತೀನಿ" ಎಂದು ಓಡಿದಳು.

ಮಂಡಿನೋವು ಇರಬೇಕು ಅಂದುಕೊಂಡ ಕೊಟ್ಟೂರೇಶ.

ಚಹಾ ತಂದು ಮುಂದೆ ಹಿಡಿದ. ದುರುಗಮ್ಮ ಕೈ ಚಾಚಲಿಲ್ಲ. ನೆಟ್ಟಗೆ ಎದುರಿಗೇ ಮುಖ ಇಟ್ಟು ಕೂತಿದ್ದಳು. ಅಂಗೈಗೆ ಲೋಟ ಇಟ್ಟ ಮೇಲೆಯೇ ಬೆರಳು ಮಡಚಿದಳು. ಕಂಪನಿ ನಾಯಕಿಯ ಗತ್ತು, ಮುಪ್ಪು ಬಂದರೂ ಇಳಿದಿಲ್ಲ ಎಂದು ಅವನಿಗೆ ಒಳಗೇ ನಗು.

"ದೀಪ ಯಾವಾಗಪ್ಪಾ?" ಎಂದಳು.

"ಬಕ್ಕೇಶಪ್ಪನೋರು ಬರಲಿ ಅಮ್ಮಾ. ಅವರ ಮುಂದನ ಹಚ್ಚೋದು."

ಅದಕ್ಕಿಂತ ಮುಂಚೆ ಒಮ್ಮೆ ಹಚ್ಚಿ ನೋಡಬಹುದಿತ್ತು. ಅವನಿಗೆ ಧೈರ್ಯ ಬರಲಿಲ್ಲ.

"ನಮ್ಮ ಕಾಲದ ದೀಪ ಕೆಂಡ ಇದ್ದಂಗ್ರಿ" ಎಂದಳು ದುರುಗಮ್ಮ, ಚಹಾ ಹೀರುತ್ತ. "ಯಾವ ಕೆನ್ನಿ ಸುಡ್ತೈತೋ ಆ ಕಡೆ ಮುಖ ಮಾಡಿದ್ರೆ ಮುಗೀತು, ಹಿಂದಿನ ಸಾಲಿನೋನಿಗೂ ಕಾಣ್ತಿದ್ವಿ. ಬ್ಯಾರೆ ಏನೂ ನೋಡಬೇಕಾಗಿದ್ದಿಲ್ಲ."

ಈಗಿನ ಎಲ್‌ಇಡಿಗೆ ಆ ಕಾವು ಇಲ್ಲವೆಂದು ಹೇಳಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಬಕ್ಕೇಶಪ್ಪ ಒಳಗೆ ಬಂದರು. ಬಂದವರೇ ಅವನನ್ನು ಪಕ್ಕಕ್ಕೆ ಎಳೆದು ಆ ಪರೀಕ್ಷೆಯ ಮಾತು ತೆಗೆದರು.

ಬಕ್ಕೇಶಪ್ಪ ದೀಪಗಳ ಪಕ್ಕದಲ್ಲಿ ನಿಂತು ಬೆರಳೆತ್ತಿದರು. ಕೊಟ್ಟೂರೇಶ ಗುಂಡಿ ಒತ್ತಿದ.

ಆರೂ ದೀಪ ಒಟ್ಟಿಗೇ ಆ ಮುಖದ ಮೇಲೆ ಸುರಿದವು. ಒಂದೊಂದು ಸುಕ್ಕೂ ಎಣಿಸುವಂತಾಯಿತು.

ದುರುಗಮ್ಮನ ಮುಖ ಒಂದಿಷ್ಟೂ ಸರಿಯಲಿಲ್ಲ. ಕಣ್ಣು ಕಿರಿದಾಗಲಿಲ್ಲ. ಕೈ ಹಣೆಗೆ ಹೋಗಲಿಲ್ಲ. ಬಕ್ಕೇಶಪ್ಪ ಬೆರಳ ಗೆರೆಯ ಮೇಲೆ ಐವತ್ತರ ತನಕ ಎಣಿಸಿದರು. ಅಷ್ಟರಲ್ಲಿ ಅವಳು ಮಾಡಿದ್ದು ಒಂದೇ, ಚಳಿಯಾದವಳಂತೆ ಸೆರಗನ್ನು ಹೆಗಲ ತುಂಬ ಹೊದ್ದುಕೊಂಡಳು.

ಬಕ್ಕೇಶಪ್ಪ ಅವನ ತೋಳು ಹಿಡಿದು ಮಳಿಗೆಯ ಹೊರಗೆ, ಸ್ಪೀಕರುಗಳ ಗದ್ದಲದೊಳಕ್ಕೆ ಕರೆದೊಯ್ದರು.

"ನಮ್ಮವ್ವ ಟಿವಿ ಬೆಳಕಿಗೇ ಮುಖ ಮುರೀತಾಳ್ರಿ. ಈ ಅಜ್ಜಿ ಅಲುಗಲಿಲ್ಲ ನೋಡ್ರಿ. ಇಪ್ಪತ್ನಾಲ್ಕು ದೀಪ ಕಳಿಸಿಬಿಡ್ರಿ. ಮುಂದಿನ ತಿಂಗಳು ಉದ್ಘಾಟನೆ. ಮೊದಲ ಕುಣಿತ ನಿಮ್ಮ ಮಗಳದು."

ಅವರು ಹೋದರು. ಕೊಟ್ಟೂರೇಶ ಅಲ್ಲೇ ನಿಂತು ಮನೆಗೆ ಫೋನು ಹಚ್ಚಿದ.

"ಅಂಕಿತಾ, ಗೆಜ್ಜೆ ಇಳಿಸವ್ವ."

"ಖರೇನಾ ಅಪ್ಪಾಜಿ? ಕಣ್ಣು ಕುಕ್ಕಲ್ವಾ?"

"ಇಲ್ಲವ್ವ. ಎಂಬತ್ತು ವರ್ಷದ ಕಣ್ಣೇ ತಡಕೊಂಡವು."

ಆ ಕಡೆಯಿಂದ ಅಟ್ಟದ ಕೆಳಕ್ಕೆ ಸ್ಟೂಲು ಎಳೆದ ಸದ್ದು ಕೇಳಿತು. ಒಂದು ವರ್ಷದಿಂದ ಅವನು ಕಾದಿದ್ದ ಸದ್ದು.

ಕಣ್ಣೊರೆಸಿಕೊಂಡು ಮಳಿಗೆಗೆ ಮರಳಿದ. ಸಂತೋಷದಲ್ಲಿ ದೀಪ ಆರಿಸುವುದೇ ಮರೆತಿತ್ತು. ಆರೂ ಹಾಗೆಯೇ ಉರಿಯುತ್ತಿದ್ದವು. ಕುರ್ಚಿಯ ಬಳಿ ಬರುವಷ್ಟರಲ್ಲಿ ಅವನ ಕೈ ತಾನಾಗಿ ಹಣೆಗೆ ಅಡ್ಡ ಹೋಯಿತು. ಹಾಳು ವೆಲ್ಡಿಂಗ್ ಕಣ್ಣು, ಎಂದು ಬೈದುಕೊಂಡ.

"ಅಮ್ಮಾ, ನಿಮ್ಮ ಉಪಕಾರ ಮರೆಯಂಗಿಲ್ಲ. ಯಜಮಾನ್ರು ಹೋದ್ರು."

ದುರುಗಮ್ಮ ದನಿ ಬಂದ ಕಡೆ ಮುಖ ತಿರುಗಿಸಿದಳು. ಆ ನೋಟ ಅವನ ಕಿವಿಯ ಪಕ್ಕದಲ್ಲಿ ಹಾದುಹೋಯಿತು.

"ಹೋದ್ರಾ?" ಎಂದಳು. "ಮತ್ತೆ ದೀಪಾನ ಹಚ್ಚಲಿಲ್ಲಲ್ಲಪ್ಪಾ?"