ಆಷಾಢದ ಡಿಸ್ಕೌಂಟ್

ಜೂನ್ 27. ಬೆಳಗಿನಿಂದ ಮುಷ್ತಾಕ್ ಒಂದು ಕಡೆ ಕೂತಿರಲಿಲ್ಲ...

ಹುಬ್ಬಳ್ಳಿಯ ಕಾರ್ ಶೋರೂಮಿನಲ್ಲಿ ಅವನು ಸೇಲ್ಸ್‌ಮನ್. ಗಾಜಿನ ಹಿಂದೆ ಕೆಂಪು ಬಣ್ಣದ, ಎರಡೇ ಬಾಗಿಲಿನ ಹೊಸ ಸ್ಪೋರ್ಟ್ಸ್ ಕಾರು ನಿಂತಿತ್ತು.

ಯುಗಾದಿಗೆ ಬಿಡುಗಡೆಯಾದಾಗ ಈ ಮಾಡೆಲ್‌ಗೆ ಮೂರು ತಿಂಗಳ ವೇಟಿಂಗ್. ಶಿಫಾರಸು ಹಚ್ಚಿ ಬುಕ್ ಮಾಡಿದವರೂ ಇದ್ದರು.

ಈಗ? ಹನ್ನೊಂದು ಬುಕಿಂಗ್‌ನಲ್ಲಿ ಏಳು ಕ್ಯಾನ್ಸಲ್!

"ಮನಿ ಮಂದಿ ಕೂಡಂಗಿಲ್ರೀ ಇದರಾಗ" ಎನ್ನುತ್ತಾ ಗಿರಾಕಿಗಳು ಏಳು ಸೀಟಿನ ದೊಡ್ಡ ಗಾಡಿಗಳ ಕಡೆ ಹೊರಳಿದ್ದರು.

ಅದರ ಮೇಲೆ 29ಕ್ಕೆ ಮಣ್ಣೆತ್ತಿನ ಅಮಾವಾಸ್ಯೆ, 30ರಿಂದ ಆಷಾಢ. ಆಮೇಲೆ ಒಂದು ತಿಂಗಳು ಊರಿನಲ್ಲಿ ಹೊಸ ಗಾಡಿಯ ಚಾವಿ ಮುಟ್ಟುವವರೇ ಅಪರೂಪ. ಮುಷ್ತಾಕ್‌ನ ಡ್ರಾಯರಿನಲ್ಲೂ ಒಂದು ಪಂಚಾಂಗ ಇತ್ತು...

ಮ್ಯಾನೇಜರ್ ಕುಬಸದ ಅವರು ಬೆಳಿಗ್ಗೆಯೇ ಎಚ್ಚರಿಸಿದ್ದರು.

"30ಕ್ಕ ಮೂರು ತಿಂಗಳ ಕ್ವಾರ್ಟರ್ ಮುಗೀತೈತಿ. ಅಷ್ಟರೊಳಗ ಈ ಮಾಡೆಲ್ ಒಂದರ ನಿನ್ನ ಹೆಸರಾಗ ಹೋಗಬೇಕು. ಇಲ್ಲಂದ್ರ ಸೇಲ್ಸ್ ಬಿಟ್ಟು ಸರ್ವಿಸ್ ಕೌಂಟರಿಗೆ ಹೋಗಿ ಕುಂದ್ರು."

ಸರ್ವಿಸ್ ಕೌಂಟರ್ ಎಂದರೆ ಕಮಿಷನ್ ಇಲ್ಲ. ಬರೀ ಸಂಬಳ.

ಹನ್ನೊಂದು ಗಂಟೆಗೆ ಕಂಪನಿಯಿಂದ ಮೇಲ್ ಬಂತು. ಜುಲೈ 1ರಿಂದ ಈ ಮಾಡೆಲ್ ಮೇಲೆ ಒಂದೂ ಮುಕ್ಕಾಲು ಲಕ್ಷ ಡಿಸ್ಕೌಂಟ್. ಅಲ್ಲಿಯವರೆಗೆ ಗಿರಾಕಿಗಳಿಗೆ ಹೇಳುವಂತಿಲ್ಲ.

ಮೂರು ಗಂಟೆಗೆ ಒಬ್ಬ ಹೆಂಗಸು ಒಳಗೆ ಬಂದರು. ಅರವತ್ತರ ಆಸುಪಾಸು, ಕಾಟನ್ ಸೀರೆ. ನೆಟ್ಟಗೆ ಕೆಂಪು ಕಾರಿನ ಹತ್ತಿರ ಹೋಗಿ ಬಾನೆಟ್ ಮೇಲೆ ಕೈಯಿಟ್ಟರು.

"ಇದು ನಾಳೆ ಸಿಗ್ತೈತೇನಪಾ? ಅಮಾಸಿ ಒಳಗ ಮನಿಗೆ ಬರಬೇಕು."

"ನಿಮ್ಮ ಮಗಗೇನ್ರೀ ಅಕ್ಕಾರ?"

"ಯಾಕ, ನಾ ಓಡಿಸಿದ್ರ ಗಾಡಿ ಅಳತೈತೇನು? ನಾ ಪ್ರಮೀಳಾ ಹೊಸಕೇರಿ. ನಾನೂ ನಮ್ಮವರೂ ಡ್ರೈವಿಂಗ್ ಸ್ಕೂಲ್ ಹಾಕಿ ಮೂವತ್ತೊಂದು ವರ್ಷ ಈ ಊರಿಗೆ ಗಾಡಿ ಕಲಿಸೀವಿ. ಒಂದು ದಿನಾನೂ ನಲವತ್ತರ ಮ್ಯಾಲ ಹೋಗಿಲ್ಲ ನೋಡು!"

ಮುಷ್ತಾಕ್ ಬೆಳಗಿನಿಂದ ಮೊದಲ ಸಲ ನಕ್ಕ.

ಪ್ರಮೀಳಾ ಚೆಕ್ ಬುಕ್ ತೆಗೆದರು. "ಡಿಸ್ಕೌಂಟ್ ಗಿಸ್ಕೌಂಟ್ ಏನರ ಐತೇನು?"

"ಇವತ್ತಿಗೆ... ಇಲ್ರೀ."

ಅವರು ಬರೆಯತೊಡಗಿದರು. ಕ್ಯಾಬಿನ್ನಿನಿಂದ ಮ್ಯಾನೇಜರ್ ಹೆಬ್ಬೆರಳು ಎತ್ತಿ ತೋರಿಸಿದರು. ಮುಷ್ತಾಕ್ ನೀರು ತರಲು ಎದ್ದ, ಅರ್ಧ ದಾರಿಗೇ ವಾಪಸ್ ಬಂದ, ಕೂತ, ಮತ್ತೆ ಎದ್ದ.

ಇವತ್ತಿಗೆ ಇಲ್ಲ ಅಂದದ್ದರಲ್ಲಿ ತಪ್ಪೇನಿದೆ? ಇವತ್ತಿಗೆ ಇಲ್ಲವೇ ಇಲ್ಲ... ಆದರೂ ಅವನ ಕಣ್ಣು ಮತ್ತೆ ಮತ್ತೆ ಆ ಚೆಕ್ಕಿನ ಕಡೆಗೇ ಹೋಗುತ್ತಿತ್ತು.

ಪೆನ್ನು ಸಹಿಯ ಜಾಗಕ್ಕೆ ಬಂತು. ಮುಷ್ತಾಕ್ ಚೆಕ್ಕಿನ ಮೇಲೆ ಅಂಗೈ ಇಟ್ಟುಬಿಟ್ಟ.

"ಸಹಿ ಮಾಡಬ್ಯಾಡ್ರಿ ಅಕ್ಕಾರ. ಒಂದನೇ ತಾರೀಕಿಗೆ ಬಂದ್ರ ಒಂದೂ ಮುಕ್ಕಾಲು ಲಕ್ಷ ಕಡಿಮಿ ಆಗ್ತೈತಿ. ಬಿಲ್ ಆವಾಗ ಮಾಡಸ್ರಿ, ಗಾಡಿ ಬೇಕಾದ್ರ ಶ್ರಾವಣದಾಗ ಒಯ್ರಿ. ಭಾಳ ಮಂದಿ ಹಂಗ ಮಾಡ್ತಾರ."

ಅವರು ಅವನನ್ನೇ ನೋಡಿದರು.

"ಶ್ರಾವಣದ ತನಕ ಕಾಯಾಕ ಆಗಂಗಿಲ್ಲಪಾ..." ಎಂದಷ್ಟೇ ಹೇಳಿ, ಚೆಕ್ ಬುಕ್ ಮಡಚಿ ಹೊರಟುಹೋದರು.

ಕುಬಸದ ಓಡಿ ಬಂದರು. "ಬ್ಯಾಡ ಅಂದ್ರೇನು?"

"ಅವರಲ್ಲ ಸರ್... ನಾನ ಬ್ಯಾಡ ಅಂದೆ."

"ಭಾಳ ಶಾಣ್ಯಾ ಆದಿ ಬಿಡು!"

28... 29... 30... ಪ್ರತಿ ಫೋನಿಗೂ ಮುಷ್ತಾಕ್ ಬೆಚ್ಚಿ ಎದ್ದ. ಆ ಮಾಡೆಲ್ ಬೇಕು ಎನ್ನುವ ಕರೆ ಮಾತ್ರ ಬರಲಿಲ್ಲ. ಕ್ವಾರ್ಟರ್ ಮುಗಿಯಿತು.

ಜುಲೈ 1. ಸರ್ವಿಸ್ ಕೌಂಟರಿನಲ್ಲಿ ಅವನ ಮೊದಲ ದಿನ. ಹತ್ತು ಗಂಟೆಗೆ ಪ್ರಮೀಳಾ ಅವನನ್ನೇ ಹುಡುಕಿಕೊಂಡು ಬಂದರು, ಕಪ್ಪು ಕನ್ನಡಕದ ಗಂಡನ ಕೈ ಹಿಡಿದುಕೊಂಡು.

"ಇವನ ಏನು ಆ ಹುಡುಗ?" ಎನ್ನುತ್ತಾ ಗಂಡ ಮುಖ ಹತ್ತಿರ ತಂದು ನೋಡಿದರು. "ಗಾಡಿ ಇವತ್ತ ಒಯ್ತೀವಿ ತಮ್ಮಾ. ಆಷಾಢ, ಬ್ಯಾಡ ಅಂತಿದ್ಲು ಈಕಿ. ನನ್ನ ಕಣ್ಣು ಪಂಚಾಂಗ ನೋಡಿ ಹೋಗ್ತಾವೇನು ಅಂತ ಕೇಳಿದೆ. ಸುಮ್ಮನಾದ್ಲು!"

ಪ್ರಮೀಳಾ ದನಿ ತಗ್ಗಿಸಿದರು.

"ಇವರಿಗೆ ಶುಗರು ಕಣ್ಣಿಗೆ ಇಳದೈತಿ. ಇಂಜೆಕ್ಷನ್ ಹಾಕಿಸಿದ್ರ ಇನ್ನಷ್ಟು ದಿನ ಕಾಣಬಹುದು ಅಂದಾರ ಡಾಕ್ಟರು. ಸ್ಕೂಲ್ ಮಾರಿದ ರೊಕ್ಕ ಗಾಡಿಗೆ ಅಷ್ಟ ಆಗ್ತಿತ್ತು. 'ಇಂಜೆಕ್ಷನ್ ಬ್ಯಾಡ. ಕಣ್ಣು ಇರೂತನಕ ಇಂಥಾ ಗಾಡಿಯಾಗ ಒಮ್ಮೆ ಕುಂತು ದಾರಿ ನೋಡ್ತೀನಿ' ಅಂತ ಹಟ ಹಿಡದಿದ್ರು..."

ಗಂಡನ ಕನ್ನಡಕ ಸರಿಮಾಡಿ ಮುಂದುವರಿಸಿದರು.

"ನೀ ಹೇಳಿದ ಮ್ಯಾಲ ಲೆಕ್ಕ ಬದಲಾತಪಾ. ಮೊದಲನೇ ಇಂಜೆಕ್ಷನ್ ನಿನ್ನೆ ಹಾಕಿಸಿದ್ವಿ. ಈಗ ಎರಡೂ ಆತು."

ಮುಷ್ತಾಕ್‌ಗೆ ಆ ದಿನದ ಚೆಕ್ಕು ನೆನಪಾಯಿತು...

ಸಹಿ ಮಾಡಲು ತಾನು ಬಿಟ್ಟಿದ್ದರೆ?

ಬಿಲ್ ಮೇಲೆ ಬೇರೆ ಸೇಲ್ಸ್‌ಮನ್ ಹೆಸರು ಬಿತ್ತು. ಆದರೂ ಗೇಟಿನ ತನಕ ಕಾರಿನ ಜೊತೆ ನಡೆದು ಹೋದವನು ಮುಷ್ತಾಕ್.

ಪ್ರಮೀಳಾ ಸ್ಟೀರಿಂಗ್ ಹಿಡಿದಿದ್ದರು. ಪಕ್ಕದ ಸೀಟಿನಲ್ಲಿ ಗಂಡ. ಕಾರು ರಸ್ತೆಗೆ ಇಳಿಯುತ್ತಿದ್ದಂತೆ, ಕಲಿಸುವವರ ಹಳೆಯ ಅಭ್ಯಾಸ... ಗಂಡನ ಬಲಗಾಲು ಅಲ್ಲಿ ಇಲ್ಲದ ಬ್ರೇಕ್ ಒತ್ತಿತು.

"ಬ್ರೇಕ್ ನನ್ನ ಕಡೆ ಐತ್ರೀ" ಎಂದು ಪ್ರಮೀಳಾ ನಕ್ಕರು. "ನೀವು ದಾರಿ ನೋಡ್ರಿ."

ಕೌಂಟರಿನ ಮುಂದೆ ಆರು ಜನ ಕಾಯುತ್ತಿದ್ದರು. ಮುಷ್ತಾಕ್ ತೋಳಿನಿಂದ ಕಣ್ಣೊರೆಸಿಕೊಂಡು ಕುರ್ಚಿ ಎಳೆದುಕೊಂಡ.

"ಬರ್ರಿ... ಮುಂದಿನವರು ಯಾರು?"

ನಂಬಿ ಕೇಳಿದವರ ಮುಂದೆ ಗೊತ್ತಿದ್ದೂ ಬಾಯಿ ಮುಚ್ಚಿ ಕೂರುವುದು ಕೂಡ ಸುಳ್ಳೇ.

ಇವತ್ತು ನೀವು ಯಾರಿಂದ, ಯಾವ ಮಾತನ್ನು ಮುಚ್ಚಿಟ್ಟಿದ್ದೀರಿ?