ಬಾವುಟ ಹಿಡಿದು ನಿಂತ ಡ್ರೈವರ್

ಜಪಾನಿನ ಬೆಟ್ಟದ ನಡುವೆ ಒಂದು ರೇಸ್ ಟ್ರ್ಯಾಕ್... ಸೀಸನ್ನಿನ ಕೊನೆಯ ರೇಸ್.

ಕುರಾಮೊಚಿ ಎಲ್ಲರಿಗಿಂತ ಮುಂದಿದ್ದ. ವರ್ಷಗಟ್ಟಲೆ ಎರಡನೆಯವನಾಗಿಯೇ ಉಳಿದ ಮನುಷ್ಯ. ಇವತ್ತು ಗೆದ್ದರೆ ಚಾಂಪಿಯನ್... ಸೋತರೆ ಟೀಮಿನಿಂದ ಹೊರಗೆ. ಮಾಲೀಕ ಸೆಗಾವಾ ಬೆಳಿಗ್ಗೆಯೇ ಹೇಳಿಬಿಟ್ಟಿದ್ದ.

ಆದರೆ ಅವನ ಮನಸ್ಸಿಗೆ ಏನೋ ಕಸಿವಿಸಿ. ಬೆಟ್ಟದಿಂದ ಮಂಜು ಸದ್ದಿಲ್ಲದೆ ಇಳಿಯುತ್ತಿತ್ತು...

ಹಿಂದಿನ ವರ್ಷ ಒಬ್ಬ ಡ್ರೈವರ್ ಪ್ರಾಣ ಬಿಟ್ಟ ತಿರುವನ್ನೇ ಅದು ಮೊದಲು ನುಂಗಿತು.

ಆ ತಿರುವಿಗೆ ಸ್ವಲ್ಪ ಮೊದಲು ನಿಲ್ಲುತ್ತಿದ್ದವನು ನೊಮೊಟೊ ಎಂಬ ಮುದುಕ. ಮುಂದೆ ಅಪಾಯವಿದ್ದರೆ ಹಳದಿ ಬಾವುಟ ಬೀಸುವುದು ಅವನ ಕೆಲಸ.

ಪ್ರತಿ ಸುತ್ತಿನಲ್ಲೂ ಅವನನ್ನು ದಾಟುವಾಗ ಕುರಾಮೊಚಿ ಸ್ಟೀರಿಂಗಿನಿಂದ ಒಂದು ಬೆರಳು ಎತ್ತುತ್ತಿದ್ದ. ಮುದುಕ ತಲೆ ಬಾಗಿಸುತ್ತಿದ್ದ.

ರೇಸಿಗೆ ಬಂದಿದ್ದಾನೋ ನೆಂಟರ ಮನೆಗೋ ಎಂದು ಉಳಿದ ಡ್ರೈವರ್‌ಗಳು ಆಡಿಕೊಳ್ಳುತ್ತಿದ್ದರು.

ಇನ್ನೇನು ರೇಸ್ ಮುಗಿಯಬೇಕು... ಕುರಾಮೊಚಿ ಬೆರಳು ಎತ್ತಿದ.

ಅಲ್ಲಿ ಯಾರೂ ಇರಲಿಲ್ಲ.

ಬಾವುಟ ಕಾಣದಿದ್ದರೆ ದಾರಿ ಸರಿಯಿದೆ ಎಂದೇ ಅರ್ಥ. ಆದರೂ ಅವನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು.

ಕಿವಿಯೊಳಗಿನ ರೇಡಿಯೋದಲ್ಲಿ ಸೆಗಾವಾ ಕೇಳಿದ, "ಯಾಕೆ ನಿಧಾನ?"

"ನೊಮೊಟೊ ಅವರು ಕಾಣ್ತಿಲ್ಲ."

"ಟೀ ಕುಡಿಯೋಕೆ ಹೋಗಿರ್ತಾನೆ. ನೀನು ಓಡ್ಸು."

ಕುರಾಮೊಚಿ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಇಳಿದ.

ತಿರುವಿನ ಆಚೆ, ಒಂದು ಸುತ್ತು ಹಿಂದೆ ಉಳಿದಿದ್ದ ಕಾರೊಂದು ತಲೆಕೆಳಗಾಗಿ ಬಿದ್ದಿತ್ತು. ಪೆಟ್ರೋಲ್ ವಾಸನೆ... ನೊಮೊಟೊ ಅರ್ಧ ಮೈ ಒಳಗೆ ತೂರಿಸಿ ಡ್ರೈವರನ್ನು ಎಳೆಯುತ್ತಿದ್ದ. ಗಾಬರಿಯಲ್ಲಿ ಬಾವುಟ ಕೆಳಗೆ ಎಸೆದು ಓಡಿಬಂದಿದ್ದ.

ಮಂಜಿನೊಳಗಿಂದ ಹಿಂದಿನ ಕಾರುಗಳ ಮೊರೆತ ಹತ್ತಿರವಾಗುತ್ತಿತ್ತು...

ಕುರಾಮೊಚಿ ಬಾವುಟ ಎತ್ತಿಕೊಂಡು ಹಿಂದಕ್ಕೆ ಓಡಿದ. ಟ್ರ್ಯಾಕಿನ ಅಂಚಿನಲ್ಲಿ ನಿಂತು ಬೀಸಿದ.

ಒಂದೊಂದೇ ಕಾರು ನಿಧಾನಿಸಿ ದಾಟಿತು. ಅವನ ಚಾಂಪಿಯನ್‌ಶಿಪ್ಪೂ ಅವುಗಳ ಜೊತೆಯೇ ದಾಟಿಹೋಯಿತು.

ಆ ಡ್ರೈವರ್ ಬದುಕಿದ. ಸೆಗಾವಾ ಮಾತ್ರ ಹೇಳಿದ ಹಾಗೆಯೇ ಮಾಡಿದ.

ಮುಂದಿನ ವರ್ಷ ಕುರಾಮೊಚಿಗೆ ಸಿಕ್ಕಿದ್ದು ಒಂದು ಸಣ್ಣ ಟೀಮು, ಸವೆದ ಕಾರು. ಅದೇ ಟ್ರ್ಯಾಕಿನಲ್ಲಿ ಗೇರ್ ಕೆಟ್ಟು, ಎಲ್ಲರೂ ಮುಗಿಸಿದ ಮೇಲೆ ತೆವಳುತ್ತಾ ಬಂದ.

ಗ್ಯಾಲರಿಯ ಮುಂದೆ ಬಂದಾಗ ತಲೆ ಎತ್ತಿ ನೋಡಿದ.

ರೇಸ್ ಮುಗಿದಿದೆ... ಆದರೆ ಒಬ್ಬರೂ ಮನೆಗೆ ಹೋಗಿಲ್ಲ. ಸಾವಿರಾರು ಜನ ಎದ್ದು ನಿಂತಿದ್ದಾರೆ. ಒಂದು ಸದ್ದಿಲ್ಲ.

ಕಾರು ನಿಲ್ಲಿಸಿದವನೇ ಮೆಕ್ಯಾನಿಕ್‌ನನ್ನು ಕೇಳಿದ, "ಯಾರು ತೀರ್ಕೊಂಡ್ರು?"

ಮೆಕ್ಯಾನಿಕ್‌ ಗ್ಯಾಲರಿಯತ್ತ ಕೈ ತೋರಿಸಿದ.

"ಯಾರೂ ತೀರ್ಕೊಂಡಿಲ್ಲ, ಕುರಾಮೊಚಿ ಅವರೇ... ನೀವು ಬರ್ಲಿ ಅಂತ ನಿಂತಿದ್ದಾರೆ."

ಅವನು ಹೆಲ್ಮೆಟ್ ತೆಗೆಯಲೇ ಇಲ್ಲ. ಒಳಗೆ ಮುಖವೆಲ್ಲ ಒದ್ದೆಯಾಗಿತ್ತು.

ಆಮೇಲೆ ಅವನು ಒಂದು ಕಪ್ಪನ್ನೂ ಗೆಲ್ಲಲಿಲ್ಲ. ಆದರೆ ರೇಸ್ ಬಿಟ್ಟು ಎಷ್ಟೋ ವರ್ಷವಾದರೂ, ಅವನು ಆ ಊರಿಗೆ ಬಂದನೆಂದರೆ ಜನ ಕೆಲಸ ಬಿಟ್ಟು ಬೀದಿಗೆ ಬರುತ್ತಾರೆ.

ಓಡುವುದನ್ನು ಯಾರು ಬೇಕಾದರೂ ಕಲಿಯಬಹುದು... ಯಾರಿಗಾಗಿ ನಿಲ್ಲಬೇಕು ಎಂದು ತಿಳಿದವನನ್ನು ಜನ ಮರೆಯುವುದಿಲ್ಲ.

ಇವತ್ತು ನೀವು ಅವಸರದಲ್ಲಿ ದಾಟಿ ಬಂದ ದಾರಿಯಲ್ಲಿ... ನೀವು ನಿಲ್ಲಲಿ ಎಂದು ಯಾರಾದರೂ ಕಾಯುತ್ತಿದ್ದರೇ?